ಎರಡು ಪ್ರೊಸೆಸರ್‌ಗಳ ಸರ್ವರ್‌ನಲ್ಲಿ ಲಿನಕ್ಸ್ ಕುಸಿತ: ಕಾರಣ ಪತ್ತೆಯ ಕ್ರಮ

ಬಿಲ್ಲು, ದಾಸ್ತಾನು, ಸಂಬಳಪಟ್ಟಿ, ತೆರಿಗೆಯ ಲೆಕ್ಕ ಇವೆಲ್ಲವೂ ಒಂದೇ ಸರ್ವರ್‌ನೊಳಗೆ ಇರುವುದು ಸಣ್ಣ ಕಾರ್ಖಾನೆಗಳಲ್ಲಿಯೂ ಸಗಟು ವ್ಯಾಪಾರದ ಮಳಿಗೆಗಳಲ್ಲಿಯೂ ಈಗ ಸಾಮಾನ್ಯ ಸಂಗತಿ. ಪರವಾನಗಿ ಶುಲ್ಕದ ಹೊರೆಯಿಲ್ಲದ ಕಾರಣ ಅನೇಕರು ಆ ಸರ್ವರ್‌ಗೆ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ಆರಿಸಿಕೊಂಡಿದ್ದಾರೆ. ದೊಡ್ಡ ಸಂಸ್ಥೆಗಳು ಕೆಲವು ವರ್ಷ ಬಳಸಿ ವಿಲೇವಾರಿ ಮಾಡಿದ, ಎರಡು ಪ್ರೊಸೆಸರ್‌ಗಳುಳ್ಳ ಯಂತ್ರಗಳು ಕಡಿಮೆ ಬೆಲೆಗೆ ದೊರೆಯುವುದರಿಂದ ಅಂಥವು ಚಿಕ್ಕ ಕಚೇರಿಗಳಿಗೂ ಬಂದು ಸೇರಿವೆ. ಇಂತಹ ಯಂತ್ರವೊಂದು ತಿಂಗಳಿಗೆ ಎರಡು ಮೂರು ಬಾರಿ ಕಾರಣ ತಿಳಿಯದಂತೆ ಸ್ತಬ್ಧವಾಗತೊಡಗಿದರೆ, ಅದರಲ್ಲಿಯೂ ಮಾಸಿಕ ಜಿಎಸ್‌ಟಿ ವಿವರಪತ್ರ ಸಲ್ಲಿಸುವ 11 ಅಥವಾ 20ನೆಯ ತಾರೀಖಿನ ಹಿಂದಿನ ಸಂಜೆಯೇ ನಿಂತುಬಿಟ್ಟರೆ, ಉಂಟಾಗುವ ನಷ್ಟವನ್ನು ವಿವರಿಸಿ ಹೇಳಬೇಕಾಗಿಲ್ಲ.

ಆಗ ಸಾಮಾನ್ಯವಾಗಿ ನಡೆಯುವುದು ಇಷ್ಟು. ದುರಸ್ತಿಗೆ ಬಂದವರು ಮೊದಲು ಯಂತ್ರವನ್ನು ಆರಿಸಿ ಮತ್ತೆ ಹಚ್ಚುತ್ತಾರೆ. ಎರಡನೆಯ ಸಲ ಮೆಮೊರಿ ಬದಲಿಸುತ್ತಾರೆ, ಮೂರನೆಯ ಸಲ ಒಂದು ಪ್ರೊಸೆಸರ್ ಕೆಟ್ಟಿದೆ ಎನ್ನುತ್ತಾರೆ, ಕೊನೆಗೆ ಮದರ್‌ಬೋರ್ಡಿಗೆ ಬೆಲೆಪಟ್ಟಿ ಬರುತ್ತದೆ. ಪ್ರತಿ ಬಾರಿಯೂ ಹಣ ಹೋಗುತ್ತದೆ. ಕಾರಣ ಮಾತ್ರ ಇದ್ದಲ್ಲಿಯೇ ಇರುತ್ತದೆ. ಭಾಗಗಳನ್ನು ಬದಲಿಸುವ ಮುನ್ನ ಯಂತ್ರ ಕುಸಿಯುವ ಕ್ಷಣದಲ್ಲಿ ಏನು ಹೇಳಿತು ಎಂಬುದನ್ನು ಹಿಡಿದಿಡಬೇಕು. ಅಲ್ಲದೆ ಒಂದು ಪ್ರೊಸೆಸರ್ ನಿಲ್ಲಿಸಿ ಮಾಡುವ ಪರೀಕ್ಷೆಯ ಫಲವನ್ನು ಸರಿಯಾಗಿ ಓದಿಕೊಳ್ಳಬೇಕು. ಈ ಎರಡು ಕೆಲಸಗಳು ನಡೆದರೆ ಅನಾವಶ್ಯಕ ಖರೀದಿಯ ಬಹುಪಾಲು ತಪ್ಪುತ್ತದೆ.

ಜೋಡಿ ಪ್ರೊಸೆಸರ್‌ನ ವಿಶೇಷ ತೊಡಕು

ಒಂದು ಮಳಿಗೆಯಲ್ಲಿ ಒಬ್ಬನೇ ಗುಮಾಸ್ತನಿದ್ದಾಗ ದಾಸ್ತಾನು ಪುಸ್ತಕದಲ್ಲಿ ಗೊಂದಲಕ್ಕೆ ಎಡೆಯಿಲ್ಲ. ಇಬ್ಬರು ಗುಮಾಸ್ತರು ಒಂದೇ ಪುಸ್ತಕದ ಒಂದೇ ಪುಟದಲ್ಲಿ ಏಕಕಾಲಕ್ಕೆ ಬರೆಯಹೊರಟರೆ, ಒಬ್ಬನು ನೋಡಿದ ಶಿಲ್ಕು ಅವನು ಬರೆಯುವಷ್ಟರಲ್ಲಿ ಹಳತಾಗಿರುತ್ತದೆ. ಇದಕ್ಕಾಗಿ ಕಾರ್ಯಾಚರಣ ವ್ಯವಸ್ಥೆಯ ಒಳತಿರುಳಾದ ಕರ್ನಲ್‌ನಲ್ಲಿ 'ಲಾಕ್' ಎಂಬ ಏರ್ಪಾಡಿದೆ. ಒಂದು ಪ್ರೊಸೆಸರ್ ಬೀಗ ಹಿಡಿದಿರುವಾಗ ಇನ್ನೊಂದು ಕಾಯಬೇಕು. ಯಾವುದೋ ಡ್ರೈವರ್‌ನಲ್ಲಿ ಬೀಗ ಹಾಕುವುದನ್ನು ಮರೆತಿದ್ದರೆ ಮಾಹಿತಿ ಕೆಡುತ್ತದೆ. ಎರಡು ಪ್ರೊಸೆಸರ್‌ಗಳು ಒಂದೊಂದು ಬೀಗ ಹಿಡಿದು ಪರಸ್ಪರರ ಬೀಗಕ್ಕಾಗಿ ಕಾದರೆ ಯಂತ್ರವೇ ನಿಂತುಹೋಗುತ್ತದೆ.

ಲಿನಕ್ಸ್‌ಗೆ ಒಂದಕ್ಕಿಂತ ಹೆಚ್ಚು ಪ್ರೊಸೆಸರ್‌ಗಳನ್ನು ಬಳಸುವ ಸಾಮರ್ಥ್ಯ ಬಂದದ್ದು 1996ರಲ್ಲಿ ಹೊರಬಂದ 2.0 ಆವೃತ್ತಿಯಿಂದ. ಆಗ ಇಡೀ ಕರ್ನಲ್‌ಗೆ ಒಂದೇ ದೊಡ್ಡ ಬೀಗವಿತ್ತು. ಮುಂದೆ ಅದನ್ನು ಒಡೆದು ನೂರಾರು ಚಿಕ್ಕ ಬೀಗಗಳನ್ನು ಮಾಡಲಾಯಿತು. ದೊಡ್ಡ ಬೀಗ ಸಂಪೂರ್ಣವಾಗಿ ತೆಗೆದುಹಾಕಲ್ಪಟ್ಟದ್ದು 2011ರ 2.6.39 ಆವೃತ್ತಿಯಲ್ಲಿ. ನಡುವಿನ ವರ್ಷಗಳಲ್ಲಿ ಜೋಡಿ ಪ್ರೊಸೆಸರ್ ಯಂತ್ರಗಳಿಗಾಗಿ ಹಲವು ಲಿನಕ್ಸ್ ವಿತರಣೆಗಳು ಬೇರೆಯೇ ಕರ್ನಲ್ ಕೊಡುತ್ತಿದ್ದವು. ಒಂಟಿ ಪ್ರೊಸೆಸರ್‌ನ ಕರ್ನಲ್‌ನಲ್ಲಿ ಈ ಬೀಗಗಳ ಬಹುಭಾಗ ಇರುತ್ತಲೇ ಇರಲಿಲ್ಲವಾದ್ದರಿಂದ, ಅಲ್ಲಿ ವರ್ಷಗಟ್ಟಲೆ ನಿರಾತಂಕವಾಗಿ ನಡೆದ ಡ್ರೈವರ್ ಜೋಡಿ ಯಂತ್ರಕ್ಕೆ ಹಾಕಿದ ಮರುದಿನವೇ ಕೈಕೊಡುವುದು ಸಾಧ್ಯವಿತ್ತು. ಇಂದು ಅಗ್ಗದ ಕಂಪ್ಯೂಟರ್‌ನ ಒಂದು ಪ್ರೊಸೆಸರ್‌ನೊಳಗೇ ನಾಲ್ಕು ಎಂಟು 'ಕೋರ್'ಗಳಿರುತ್ತವೆ. ಬೀಗಗಳ ಪರೀಕ್ಷೆ ಪ್ರತಿ ಮನೆಯಲ್ಲಿಯೂ ದಿನವೂ ನಡೆಯುತ್ತಿದೆ ಎಂದರೂ ಸಲ್ಲುತ್ತದೆ. ಆದ್ದರಿಂದ ಜೋಡಿ ಪ್ರೊಸೆಸರ್ ಸರ್ವರ್‌ನಲ್ಲಿ ಮಾತ್ರ ಕಾಣಿಸಿಕೊಳ್ಳುವ ಕುಸಿತಕ್ಕೆ ಹಿಂದೆ ಮೊದಲ ಶಂಕೆ ಕರ್ನಲ್ ಮೇಲೆ ಹೋಗುತ್ತಿದ್ದರೆ, ಈಗ ಅದು ವಿದ್ಯುತ್ ಪೂರೈಕೆ, ಶಾಖ, ಮೆಮೊರಿ ಮತ್ತು ಬೋರ್ಡಿನ ಕಡೆಗೆ ಹೋಗಬೇಕಾದದ್ದು ನ್ಯಾಯ. ತಯಾರಕರು ಕೊಟ್ಟ ಮುಚ್ಚಿದ ಡ್ರೈವರ್‌ಗಳು ಮಾತ್ರ ಇದಕ್ಕೆ ಅಪವಾದ.

ಒಂದು ಹಳೆಯ ನಿದರ್ಶನ

ತೈವಾನಿನ ಅಬಿಟ್ ಕಂಪನಿ 1999ರಲ್ಲಿ ಹೊರತಂದ ಬಿಪಿ6 ಎಂಬ ಮದರ್‌ಬೋರ್ಡಿನ ಕಥೆ ಈ ವಿಷಯದಲ್ಲಿ ಇಂದಿಗೂ ಬೋಧಪ್ರದ. ಇಂಟೆಲ್ ಕಂಪನಿ ತನ್ನ ಅಗ್ಗದ ಸೆಲೆರಾನ್ ಪ್ರೊಸೆಸರ್ ಅನ್ನು ಒಂಟಿಯಾಗಿ ಬಳಸಲೆಂದೇ ಮಾರುತ್ತಿತ್ತು. ಬಿಪಿ6 ಬೋರ್ಡಿನಲ್ಲಿ ಅಂತಹ ಎರಡನ್ನು ಏನೊಂದೂ ಮಾರ್ಪಾಡಿಲ್ಲದೆ ಕೂಡಿಸಬಹುದಾಗಿತ್ತು. ದುಬಾರಿ ಸರ್ವರ್‌ನ ಸೌಲಭ್ಯ ಅಗ್ಗವಾಗಿ ಸಿಕ್ಕಿತೆಂದು ಲಿನಕ್ಸ್ ಬಳಕೆದಾರರು ಅದನ್ನು ಉತ್ಸಾಹದಿಂದ ಕೊಂಡರು. ಕೆಲವು ಕಾಲದ ನಂತರ ಅನೇಕರ ಯಂತ್ರಗಳು ಕಾರಣವಿಲ್ಲದೆ ಸ್ತಬ್ಧವಾಗತೊಡಗಿದವು. ದಾಖಲೆಯಲ್ಲಿ 'ಎಪಿಐಸಿ ಎರರ್' ಎಂಬ ಸಾಲುಗಳು ಕಾಣಿಸಿಕೊಂಡವು.

ಎಪಿಐಸಿ ಎಂಬುದು ಡಿಸ್ಕು, ನೆಟ್‌ವರ್ಕ್ ಮುಂತಾದ ಉಪಕರಣಗಳ ಕರೆಯನ್ನು ಯಾವ ಪ್ರೊಸೆಸರ್‌ಗೆ ಮುಟ್ಟಿಸಬೇಕೆಂದು ನಿರ್ಧರಿಸುವ ಅಂಗ. ಅಂದಿನ ಇಂಟೆಲ್ ಯಂತ್ರಗಳಲ್ಲಿ ಈ ಸಂದೇಶಗಳು ಪ್ರತ್ಯೇಕವಾದ ತಂತಿಗಳ ಮೇಲೆ ಹರಿಯುತ್ತಿದ್ದವು. ಸಂದೇಶ ದಾರಿಯಲ್ಲಿ ಕೆಟ್ಟರೆ ಯಂತ್ರವೇ ಅದನ್ನು ಗುರುತಿಸಿ ಮತ್ತೆ ಕಳುಹಿಸುತ್ತಿತ್ತು. ಆಗ ಮೂಡುತ್ತಿದ್ದುದೇ ಆ ಸಾಲು. ಆದುದರಿಂದ ಒಂದೆರಡು ಸಾಲುಗಳು ಅಪಾಯವಲ್ಲ, ನೂರಾರು ಸಾಲುಗಳು ಬೋರ್ಡಿನ ಮೇಲೆ ವಿದ್ಯುತ್ ಶುದ್ಧವಾಗಿಲ್ಲವೆಂಬುದರ ಸೂಚನೆ. ಹಲವರು ದೋಷವನ್ನು ಲಿನಕ್ಸ್ ಮೇಲೆ ಹೊರಿಸಿ ಕರ್ನಲ್ ಬದಲಿಸುತ್ತ ಹೋದರು. ವಾಸ್ತವವಾಗಿ ಕಾರಣ ಒಂದೇ ಆಗಿರಲಿಲ್ಲ. ಕೆಲವು ಬೋರ್ಡುಗಳಲ್ಲಿ ಪ್ರೊಸೆಸರ್‌ಗೆ ಹೋಗುವ ವಿದ್ಯುತ್ತನ್ನು ಸಮಗೊಳಿಸುವ ಕೆಪಾಸಿಟರ್ ಸಾಲದಾಗಿತ್ತು ಇಲ್ಲವೆ ಸವೆದಿತ್ತು. ಅದನ್ನು ಬದಲಿಸಿದವರಿಗೆ ಗುಣ ಕಂಡಿತು. ಕೆಲವರಿಗೆ ಡಿಸ್ಕನ್ನು ಬೋರ್ಡಿನ ಹೆಚ್ಚುವರಿ ವೇಗದ ಕಂಟ್ರೋಲರ್‌ನಿಂದ ಬಿಡಿಸಿ ಮಾಮೂಲಿ ಜಾಗಕ್ಕೆ ಜೋಡಿಸಿದ ಮೇಲೆ ತೊಂದರೆ ನಿಂತಿತು. ಇನ್ನು ಕೆಲವರು 366 ಮೆಗಾಹರ್ಟ್ಸ್‌ನ ಪ್ರೊಸೆಸರ್ ಅನ್ನು 550ಕ್ಕೆ ಓಡಿಸುತ್ತಿದ್ದರು. ಅವರಿಗೆ ಬೇರೆ ಕಾರಣ ಹುಡುಕುವ ಅಗತ್ಯವೇ ಇರಲಿಲ್ಲ. ಹೊರಗೆ ಕಂಡ ಲಕ್ಷಣ ಒಂದೇ, ಒಳಗಿನ ಕಾರಣಗಳು ಮೂರು ನಾಲ್ಕು. ಅಬಿಟ್ ಕಂಪನಿ 2008ರ ಕೊನೆಗೆ ಮದರ್‌ಬೋರ್ಡ್ ವ್ಯವಹಾರವನ್ನೇ ನಿಲ್ಲಿಸಿತು. ಆದರೆ ಒಂದು ಲಕ್ಷಣಕ್ಕೆ ಒಂದೇ ಕಾರಣವೆಂದು ನಂಬಿ ಭಾಗಗಳನ್ನು ಬದಲಿಸುವ ಪದ್ಧತಿ ಇನ್ನೂ ನಿಂತಿಲ್ಲ.

ಕೊನೆಯ ಸಂದೇಶ ಎಲ್ಲಿ ಸಿಗುತ್ತದೆ

ಕುಸಿತದ ನಂತರ ದಾಖಲೆಯ ಕಡತ ತೆರೆದು ನೋಡಿದರೆ ಬಹುಮಟ್ಟಿಗೆ ಏನೂ ಇರುವುದಿಲ್ಲ; ಹಿಂದಿನ ನಿಮಿಷದವರೆಗಿನ ಮಾಮೂಲಿ ಸಾಲುಗಳು, ಆಮೇಲೆ ಯಂತ್ರ ಮತ್ತೆ ಪ್ರಾರಂಭವಾದ ಸಾಲು. ಇದರಿಂದ 'ಏನೂ ತಪ್ಪು ಕಂಡುಬಂದಿಲ್ಲ' ಎಂದು ವರದಿ ಬರೆಯುವುದು ಸರಿಯಲ್ಲ. ಕರ್ನಲ್ ಕುಸಿದ ಮೇಲೆ ಡಿಸ್ಕಿಗೆ ಬರೆಯುವ ಶಕ್ತಿಯೂ ಅದಕ್ಕೆ ಉಳಿದಿರುವುದಿಲ್ಲ. ಬರೆದರೆ ಇರುವ ಮಾಹಿತಿಯೂ ಕೆಟ್ಟೀತೆಂಬ ಭಯದಿಂದ ಅದು ಬರೆಯುವುದೂ ಇಲ್ಲ.

ಹೀಗಾಗಿ ಸಂದೇಶವನ್ನು ಹೊರಗಿನಿಂದ ಹಿಡಿಯಬೇಕು. ಸರಳವಾದ ಉಪಾಯ ಪರದೆಯ ಛಾಯಾಚಿತ್ರ. ಸರ್ವರ್‌ಗೆ ಒಂದು ಹಳೆಯ ಮಾನಿಟರ್ ಯಾವಾಗಲೂ ಜೋಡಿಸಿದ್ದು, ಪರದೆ ತಾನಾಗಿ ಕಪ್ಪಾಗದಂತೆ ಮಾಡಿದ್ದರೆ, ಬೆಳಿಗ್ಗೆ ಬಾಗಿಲು ತೆರೆದವನು ಮೊಬೈಲಿನಲ್ಲಿ ಚಿತ್ರ ತೆಗೆದ ನಂತರವೇ ಯಂತ್ರ ಮುಟ್ಟಬೇಕೆಂಬ ನಿಯಮ ಸಾಕು. ಎರಡನೆಯದು 'ನೆಟ್‌ಕನ್ಸೋಲ್': ಕರ್ನಲ್ ತನ್ನ ಸಂದೇಶಗಳನ್ನು ಅದೇ ಕಚೇರಿಯ ಇನ್ನೊಂದು ಕಂಪ್ಯೂಟರಿಗೆ ನೆಟ್‌ವರ್ಕ್ ಮೂಲಕ ಕಳುಹಿಸುತ್ತಿರುತ್ತದೆ, ಇದಕ್ಕೆ ಹಣ ಬೇಡ, ಅರ್ಧ ಗಂಟೆಯ ಕೆಲಸ. ಮೂರನೆಯದಾದ 'ಕೆಡಂಪ್' 2005ರಿಂದ ಲಿನಕ್ಸ್‌ನ ಭಾಗವಾಗಿದೆ. ಮುಖ್ಯ ಕರ್ನಲ್ ಬಿದ್ದೊಡನೆ, ಮೊದಲೇ ಕಾದಿರಿಸಿದ ಮೆಮೊರಿಯಲ್ಲಿ ಇನ್ನೊಂದು ಚಿಕ್ಕ ಕರ್ನಲ್ ಎದ್ದು, ಬಿದ್ದದ್ದರ ಮೆಮೊರಿಯನ್ನು ಕಡತವಾಗಿ ಉಳಿಸುತ್ತದೆ.

ಸರ್ವರ್ ದರ್ಜೆಯ ಯಂತ್ರಗಳಲ್ಲಿ ಇವೆಲ್ಲಕ್ಕಿಂತ ಮೊದಲು ನೋಡಬೇಕಾದ ಇನ್ನೊಂದು ಸ್ಥಳವಿದೆ. ಬೋರ್ಡಿನ ಮೇಲೆ ಬಿಎಂಸಿ ಎಂಬ ಚಿಕ್ಕ ಪ್ರತ್ಯೇಕ ಗಣಕ ಕುಳಿತಿರುತ್ತದೆ. ಮುಖ್ಯ ಯಂತ್ರ ಬಿದ್ದರೂ ಅದು ಎಚ್ಚರವಾಗಿದ್ದು, ವೋಲ್ಟೇಜ್ ಇಳಿದದ್ದು, ಫ್ಯಾನ್ ನಿಂತದ್ದು, ಮೆಮೊರಿಯಲ್ಲಿ ಸರಿಪಡಿಸಲಾಗದ ದೋಷ ಬಂದದ್ದು, ಎಲ್ಲವನ್ನೂ ದಿನಾಂಕ ಸಮಯ ಸಹಿತ ಬರೆದಿಡುತ್ತದೆ. 'ಐಪಿಎಂಐಟೂಲ್' ಎಂಬ ಆಜ್ಞೆಯಿಂದ ಆ ಪಟ್ಟಿಯನ್ನು ತೆಗೆಯಬಹುದು. ಬಳಸಿದ ಸರ್ವರ್ ಕೊಳ್ಳುವವರು ಬೆಲೆ ಮಾತಾಡುವ ಮೊದಲು ಈ ಪಟ್ಟಿಯನ್ನು ತೋರಿಸುವಂತೆ ಕೇಳುವುದು ಜಾಣತನ. ಪಟ್ಟಿಯನ್ನು ಈಚೆಗಷ್ಟೇ ಅಳಿಸಲಾಗಿದ್ದರೆ ಅದೂ ಒಂದು ಮಾಹಿತಿಯೇ.

ಸಂದೇಶಗಳನ್ನು ಓದುವ ಬಗೆ

ಮೂರು ನಾಲ್ಕು ಕುಸಿತಗಳ ದಾಖಲೆ ಸಂಗ್ರಹವಾದ ಮೇಲೆ ಅವುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಪ್ರತಿ ಬಾರಿಯೂ ಕರ್ನಲ್‌ನ ಅದೇ ಭಾಗದ, ಅದೇ ಡ್ರೈವರ್‌ನ ಹೆಸರು ಬಂದಿದ್ದರೆ ದೋಷ ಸಾಫ್ಟ್‌ವೇರಿನಲ್ಲಿ ಇರುವ ಸಂಭವ ಹೆಚ್ಚು. ಒಮ್ಮೆ ಡಿಸ್ಕಿನ ಭಾಗ, ಒಮ್ಮೆ ನೆಟ್‌ವರ್ಕಿನದು, ಒಮ್ಮೆ ಸಂಬಂಧವೇ ಇಲ್ಲದ ಇನ್ನಾವುದೋ ಹೆಸರು, ಹೀಗೆ ಚೆದುರಿದ್ದರೆ ಮೆಮೊರಿ ಅಥವಾ ವಿದ್ಯುತ್ತಿನ ಮೇಲೆ ಕಣ್ಣಿಡಬೇಕು. ಯಾವ ಸಂದೇಶವೂ ಇಲ್ಲದೆ ಯಂತ್ರ ತಟ್ಟನೆ ಆರಿ ಮತ್ತೆ ಹೊತ್ತಿಕೊಂಡಿದ್ದರೆ ಮೊದಲ ಶಂಕೆ ಪವರ್ ಸಪ್ಲೈ ಮತ್ತು ಶಾಖದ್ದು. 'ಟೇಂಟೆಡ್' ಎಂಬ ಪದ ಸಂದೇಶದಲ್ಲಿದ್ದರೆ, ಜೊತೆಯ ಅಕ್ಷರಗಳನ್ನು ನೋಡಿ ಮುಚ್ಚಿದ ಅಥವಾ ಹೊರಗಿನ ಡ್ರೈವರ್ ಒಳಗೆ ಸೇರಿದೆಯೇ ಎಂದು ತಿಳಿಯಬಹುದು. ಸೇರಿದ್ದರೆ ಮೊದಲು ಅದನ್ನು ತೆಗೆದು ನೋಡಬೇಕು.

'ಸಾಫ್ಟ್ ಲಾಕಪ್' ಎಂಬ ಸಂದೇಶ, ಇಂತಹ ಸಂಖ್ಯೆಯ ಪ್ರೊಸೆಸರ್ ಇಷ್ಟು ಸೆಕೆಂಡ್‌ಗಳಿಂದ ಒಂದೇ ಕೆಲಸದಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಸುತ್ತದೆ. ಸಾಮಾನ್ಯ ಹೊಂದಾಣಿಕೆಯಲ್ಲಿ 20 ಸೆಕೆಂಡ್ ಮೀರಿದರೆ ಅದು ಮೂಡುತ್ತದೆ. ಸಂದೇಶದಲ್ಲಿರುವ ಸಂಖ್ಯೆಯ ಪ್ರೊಸೆಸರ್ ಕೆಟ್ಟಿದೆ ಎಂದು ಇದನ್ನು ಅರ್ಥಮಾಡಿಕೊಳ್ಳುವವರು ಬಹಳ. ಅದು ಬೀಗಕ್ಕಾಗಿ ಕಾಯುತ್ತಿರುವ ಪ್ರೊಸೆಸರ್ ಆಗಿರಬಹುದು. ಬೀಗ ಹಿಡಿದು ಕುಳಿತದ್ದು ಇನ್ನೊಂದು. ಕ್ಯೂನಲ್ಲಿ ನಿಂತವನು ತಡಮಾಡಿದನೆಂದು ದೂರಿದಂತೆ ಇದು.

'ಮೆಷಿನ್ ಚೆಕ್' ಎಂಬ ಸಂದೇಶ ಬೇರೆ ಜಾತಿಯದು. ಇದು ಕರ್ನಲ್‌ನ ಅಭಿಪ್ರಾಯವಲ್ಲ, ಪ್ರೊಸೆಸರ್ ತಾನೇ ಕೊಟ್ಟ ದೂರು. ಇದು ಬಂದಾಗ ಹಾರ್ಡ್‌ವೇರ್ ದೋಷವೆಂದು ಬಹುಮಟ್ಟಿಗೆ ನಂಬಬಹುದು. ಆದರೆ ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಎಎಂಡಿಯ ಆಪ್ಟೆರಾನ್ 2003ರಲ್ಲಿ ಬಂದಂದಿನಿಂದ, ಇಂಟೆಲ್‌ನ ಝಿಯಾನ್ 5500 ಸರಣಿ 2009ರಲ್ಲಿ ಬಂದಂದಿನಿಂದ, ಮೆಮೊರಿಯನ್ನು ನಿಯಂತ್ರಿಸುವ ಭಾಗ ಪ್ರೊಸೆಸರ್‌ನ ಒಳಗೇ ಇದೆ. ಜೋಡಿ ಯಂತ್ರದಲ್ಲಿ ಅರ್ಧ ಮೆಮೊರಿ ಒಂದು ಪ್ರೊಸೆಸರ್‌ಗೆ, ಉಳಿದರ್ಧ ಇನ್ನೊಂದಕ್ಕೆ ಸೇರಿರುತ್ತದೆ. ಹೀಗಾಗಿ ಎರಡನೆಯ ಪ್ರೊಸೆಸರ್ ದೂರು ಕೊಟ್ಟಿತೆಂದರೆ, ಅದರ ಪಕ್ಕದಲ್ಲಿರುವ ಒಂದು ಮೆಮೊರಿ ಹಲಗೆ ಕೆಟ್ಟಿರುವುದೂ ಸಾಧ್ಯ. ಯಾವ ಹಲಗೆ ಎಂಬುದನ್ನು 'ರಾಸ್‌ಡೀಮನ್' ಅಥವಾ ಹಳೆಯ ವಿತರಣೆಗಳಲ್ಲಿದ್ದ 'ಎಂಸಿಇಲಾಗ್' ಎಂಬ ಉಪಕರಣಗಳು ಬಹುತೇಕ ಸೂಚಿಸುತ್ತವೆ. ಪ್ರೊಸೆಸರ್‌ನ ಬೆಲೆಗೂ ಒಂದು ಮೆಮೊರಿ ಹಲಗೆಯ ಬೆಲೆಗೂ ಇರುವ ಅಂತರವೇ ಈ ಓದಿನ ಲಾಭ.

ಒಂದು ಪ್ರೊಸೆಸರ್ ನಿಲ್ಲಿಸುವ ಪರೀಕ್ಷೆ

ಜೋಡಿ ಯಂತ್ರದ ದುರಸ್ತಿಯಲ್ಲಿ ಎಲ್ಲರೂ ಮಾಡುವ, ಬಹಳ ಮಂದಿ ತಪ್ಪಾಗಿ ಓದುವ ಪರೀಕ್ಷೆ ಇದು. ಪ್ರಾರಂಭದ ಸಮಯದಲ್ಲಿ ಕರ್ನಲ್‌ಗೆ 'ನೋ ಎಸ್‌ಎಂಪಿ' ಎಂಬ ಸೂಚನೆ ಕೊಟ್ಟರೆ ಅದು ಒಂದೇ ಪ್ರೊಸೆಸರ್‌ನಿಂದ ನಡೆಯುತ್ತದೆ. ಕುಸಿತ ನಿಂತಿತೆಂದರೆ 'ಎರಡನೆಯ ಪ್ರೊಸೆಸರ್ ಕೆಟ್ಟಿದೆ' ಎಂಬ ತೀರ್ಪು ಹೊರಬೀಳುತ್ತದೆ. ಈ ತೀರ್ಪಿಗೆ ಆಧಾರ ಸಾಲದು.

ಕಾರಣ ಹೀಗಿದೆ. ಎರಡನೆಯ ಪ್ರೊಸೆಸರ್ ಸುಮ್ಮನಾದಾಗ ವಿದ್ಯುತ್ತಿನ ಹೊರೆ ಇಳಿಯುತ್ತದೆ. ಸೋತ ಪವರ್ ಸಪ್ಲೈ ಕೂಡ ತೂಗಿಸಿಕೊಂಡು ಹೋಗುತ್ತದೆ. ಪೆಟ್ಟಿಗೆಯೊಳಗಿನ ಶಾಖ ಇಳಿಯುತ್ತದೆ. ಧೂಳು ಕಟ್ಟಿದ ಫ್ಯಾನ್ ಕೂಡ ಸಾಕಾಗುತ್ತದೆ. ಬೀಗಗಳ ಪೈಪೋಟಿ ತಪ್ಪುತ್ತದೆ; ದೋಷವುಳ್ಳ ಡ್ರೈವರ್ ಕೂಡ ಸಜ್ಜನನಂತೆ ನಡೆಯುತ್ತದೆ. ಮೇಲಾಗಿ 'ನೋ ಎಸ್‌ಎಂಪಿ' ಎಂದಾಗ ಪ್ರೊಸೆಸರ್ ಮಾತ್ರವಲ್ಲ, ಉಪಕರಣಗಳ ಕರೆ ಹಂಚುವ ಐಒ ಎಪಿಐಸಿ ಸಹ ನಿಷ್ಕ್ರಿಯವಾಗುತ್ತದೆ. ಒಂದು ಬದಲಾವಣೆ ಮಾಡಿದೆವೆಂದು ತಿಳಿದಾಗ ನಿಜವಾಗಿ ನಾಲ್ಕೈದು ಬದಲಾವಣೆಗಳು ಆಗಿರುತ್ತವೆ.

ಇವುಗಳನ್ನು ಬಿಡಿಸಿ ನೋಡುವ ದಾರಿಯಿದೆ. 'ಮ್ಯಾಕ್ಸ್ ಸಿಪಿಯುಸ್' ಸಂಖ್ಯೆಯನ್ನು 1 ಎಂದು ಕೊಟ್ಟರೆ ಪ್ರೊಸೆಸರ್ ಒಂದಾಗುತ್ತದೆ, ಎಪಿಐಸಿ ಹಾಗೆಯೇ ಇರುತ್ತದೆ. ಕೆಲವು ವಿತರಣೆಗಳಲ್ಲಿ ಯಂತ್ರ ಎದ್ದ ಮೇಲೆ ಉಳಿದವುಗಳನ್ನು ವ್ಯವಸ್ಥೆ ತಾನಾಗಿ ಹೊತ್ತಿಸಿಬಿಡುವುದರಿಂದ, ಎಷ್ಟು ನಡೆಯುತ್ತಿವೆ ಎಂಬುದನ್ನು ಎಣಿಸಿ ಖಚಿತಪಡಿಸಿಕೊಳ್ಳಬೇಕು. ಇದಕ್ಕೆ ಪ್ರತಿಯಾಗಿ 'ನೋ ಎಪಿಐಸಿ' ಎಂಬ ಸೂಚನೆಯಿಂದ ಎರಡೂ ಪ್ರೊಸೆಸರ್ ಉಳಿದು ಐಒ ಎಪಿಐಸಿ ಮಾತ್ರ ನಿಲ್ಲುತ್ತದೆ. ಇದು ಹಳೆಯ ಬೋರ್ಡುಗಳಲ್ಲಿ ಉಪಯುಕ್ತ. ಹೊಸ ಸರ್ವರ್‌ಗಳು ಇದರಿಂದ ಎದ್ದು ನಿಲ್ಲದೆಯೂ ಹೋಗಬಹುದು. ಇಂದಿನ ಯಂತ್ರದಲ್ಲಿ ಒಂದೇ ಕೋರ್ ಉಳಿಸಿದರೆ ಕಚೇರಿಯ ಕೆಲಸ ಸಾಗದು. ಅದಕ್ಕೆ ಬದಲಾಗಿ ಒಂದು ಪ್ರೊಸೆಸರ್‌ಗೆ ಸೇರಿದ ಕೋರ್‌ಗಳನ್ನಷ್ಟೇ, ಯಂತ್ರ ನಡೆಯುತ್ತಿರುವಾಗಲೇ, ಒಂದೊಂದಾಗಿ ನಿಲ್ಲಿಸಬಹುದು. ಆದರೆ ಆ ಪ್ರೊಸೆಸರ್‌ನ ಮೆಮೊರಿ ಆಗಲೂ ಬಳಕೆಯಲ್ಲಿಯೇ ಇರುತ್ತದೆಂಬುದನ್ನು ಮರೆಯಬಾರದು.

ಪ್ರೊಸೆಸರ್ ನಿಜವಾಗಿ ಕೆಟ್ಟಿದೆಯೇ ಎಂಬುದನ್ನು ತಿಳಿಯಲು ಅದಲು ಬದಲಿಗಿಂತ ಉತ್ತಮ ಪರೀಕ್ಷೆ ಇಲ್ಲ. ಎರಡೂ ಪ್ರೊಸೆಸರ್‌ಗಳನ್ನು ಒಂದರ ಜಾಗಕ್ಕೆ ಇನ್ನೊಂದನ್ನು ಕೂಡಿಸಿ, ಮೆಮೊರಿಯನ್ನು ಇದ್ದಲ್ಲಿಯೇ ಬಿಡಬೇಕು. ದೂರು ಪ್ರೊಸೆಸರ್‌ನ ಜೊತೆ ಹೊಸ ಜಾಗಕ್ಕೆ ಹೋದರೆ ದೋಷ ಅದರದ್ದು. ಹಳೆಯ ಜಾಗದಲ್ಲಿಯೇ ಉಳಿದರೆ ಸಾಕೆಟ್, ಅಲ್ಲಿನ ವಿದ್ಯುತ್ ಭಾಗ ಅಥವಾ ಅಲ್ಲಿನ ಮೆಮೊರಿಯದು. ಇದಕ್ಕೆ ಹೊಸ ಭಾಗ ಬೇಡ. ಶಾಖವಾಹಕ ಲೇಪ ಮತ್ತು ಎಚ್ಚರಿಕೆಯ ಕೈ ಬೇಕು. ಸಾಕೆಟ್‌ನ ಸೂಕ್ಷ್ಮ ಕಡ್ಡಿಗಳು ಬಾಗಿದರೆ ಬೋರ್ಡಿಗೇ ಹಾನಿ, ಆದ್ದರಿಂದ ಅನುಭವವಿಲ್ಲದವರಿಗೆ ಇದನ್ನು ಒಪ್ಪಿಸಬಾರದು. ಬಿಚ್ಚಿದ ಸಮಯದಲ್ಲಿ ಎರಡೂ ಒಂದೇ ಮಾದರಿಯವೇ ಎಂದು ನೋಡಿಕೊಳ್ಳುವುದೂ ಮುಖ್ಯ. ನವೀಕರಿಸಿದ ಯಂತ್ರಗಳಲ್ಲಿ ಮಾರುವವನು ಕೈಗೆ ಸಿಕ್ಕ ಎರಡನ್ನು ಜೋಡಿ ಮಾಡಿರುವ ಸಾಧ್ಯತೆ ಇದೆ.

ಮೆಮೊರಿ ಪರೀಕ್ಷೆಗೆ 'ಮೆಮ್‌ಟೆಸ್ಟ್86+' ಎಂಬ ಉಚಿತ ಸಾಧನವನ್ನು ಒಂದು ರಾತ್ರಿಯಾದರೂ ನಡೆಸಬೇಕು. ದೋಷ ತೋರಿಸಿದರೆ ಅದು ನಿಶ್ಚಿತ. ತೋರಿಸದಿದ್ದರೆ ಮೆಮೊರಿ ನಿರ್ದೋಷಿಯೆಂದು ಹೇಳಲಾಗದು. ಸರ್ವರ್‌ಗಳ ಇಸಿಸಿ ಮೆಮೊರಿ ಒಂದು ಬಿಟ್‌ನ ತಪ್ಪನ್ನು ತಾನೇ ತಿದ್ದಿಕೊಂಡು ಮುಂದೆ ಸಾಗುತ್ತದೆ. ತಿದ್ದಿದ ತಪ್ಪುಗಳ ಲೆಕ್ಕವನ್ನು ಕರ್ನಲ್ ಇಡುತ್ತದೆ. ವಾರದಿಂದ ವಾರಕ್ಕೆ ಆ ಲೆಕ್ಕ ಏರುತ್ತಿರುವ ಹಲಗೆಯನ್ನು ಕುಸಿತಕ್ಕೆ ಕಾಯದೆ ತೆಗೆಯುವುದು ಒಳ್ಳೆಯದು.

ವಿದ್ಯುತ್, ಶಾಖ, ಆವೃತ್ತಿ

ಭೂಸಂಪರ್ಕ ಸರಿಯಿಲ್ಲದ ಕಟ್ಟಡ, ಬ್ಯಾಟರಿ ಸವೆದ ಯುಪಿಎಸ್, ಅದೇ ಲೈನಿನಲ್ಲಿ ವೆಲ್ಡಿಂಗ್ ಯಂತ್ರ ಅಥವಾ ದೊಡ್ಡ ಮೋಟಾರ್, ಇವು ಕಾರ್ಖಾನೆಯ ಕಚೇರಿಗಳಲ್ಲಿ ಹೊಸದಲ್ಲ. ಕುಸಿತದ ಸಮಯವನ್ನು ಯಂತ್ರಾಲಯದ ಪಾಳಿಯ ಸಮಯದೊಡನೆ ಹೋಲಿಸಿ ನೋಡುವುದಕ್ಕೆ ಖರ್ಚಿಲ್ಲ. ರಾಯಚೂರು, ಕಲಬುರಗಿಯ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ದಿನಗಳಲ್ಲಿ ಮಧ್ಯಾಹ್ನ ಮಾತ್ರ ಬೀಳುವ ಸರ್ವರ್‌ಗೆ ಪ್ರೊಸೆಸರ್ ಬದಲಿಸುವ ಮುನ್ನ ಫ್ಯಾನ್ ಒರೆಸುವುದು ಲೇಸು. ಹತ್ತಿ, ಹಿಟ್ಟು, ಸಿಮೆಂಟ್ ವ್ಯವಹಾರದವರಿಗೆ ಇದನ್ನು ಒತ್ತಿ ಹೇಳಬೇಕು.

ಕರ್ನಲ್‌ನ ಹೊಸ ಆವೃತ್ತಿ ಹಾಕಿದ ನಂತರ ತೊಂದರೆ ಪ್ರಾರಂಭವಾಗಿದ್ದರೆ ಪ್ರಾರಂಭದ ಪಟ್ಟಿಯಿಂದ ಹಿಂದಿನ ಆವೃತ್ತಿಯನ್ನು ಆರಿಸಿ ವಾರ ಕಾಲ ನಡೆಸಿ ನೋಡಬಹುದು. ವಿತರಣೆಯೇ ಹಳತಾಗಿದ್ದರೆ ಆ ಪ್ರಯೋಗಕ್ಕೆ ಅರ್ಥವಿಲ್ಲ. ಅನೇಕ ಸಣ್ಣ ಕಚೇರಿಗಳು ನಂಬಿದ್ದ ಸೆಂಟ್‌ಒಎಸ್ 7ಕ್ಕೆ ತಿದ್ದುಪಡಿಗಳು ಬರುವುದು 2024ರ ಜೂನ್ 30ಕ್ಕೆ ನಿಂತಿದೆ. ಅಂತಹ ಯಂತ್ರದಲ್ಲಿ ಡ್ರೈವರ್‌ನ ದೋಷ ಪತ್ತೆಯಾದರೂ ತಿದ್ದುಪಡಿ ಬರುವ ದಾರಿಯಿಲ್ಲ. ಬೋರ್ಡಿನ ಬಯಾಸ್ ಮತ್ತು ಪ್ರೊಸೆಸರ್‌ನ ಮೈಕ್ರೋಕೋಡ್ ಹೊಸದಾಗಿವೆಯೇ ಎಂಬುದನ್ನು ಇದೇ ಸಂದರ್ಭದಲ್ಲಿ ನೋಡಿಬಿಡಬೇಕು.

ಮಾಲೀಕನ ಕಡೆಯ ಕೆಲಸ

ತಾಂತ್ರಿಕ ಜ್ಞಾನವಿಲ್ಲದ ವರ್ತಕನು ಈ ಎಲ್ಲ ಪರೀಕ್ಷೆಗಳನ್ನು ತಾನೇ ಮಾಡಬೇಕಾಗಿಲ್ಲ. ಸರ್ವರ್‌ನ ಪಕ್ಕದಲ್ಲಿ ಒಂದು ನೋಟ್‌ಪುಸ್ತಕ ಇಡುವುದು ಅವನ ಕೆಲಸ. ದಿನಾಂಕ, ಸಮಯ, ಆಗ ನಡೆಯುತ್ತಿದ್ದ ಕೆಲಸ, ಪರದೆಯ ಚಿತ್ರ ಯಾರ ಮೊಬೈಲಿನಲ್ಲಿದೆ, ಯಾವ ಭಾಗ ಬದಲಾಯಿತು, ಇಷ್ಟು ಸಾಕು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದನ್ನು ದುರಸ್ತಿಯವರಿಂದ ಒಪ್ಪಿಸಿಕೊಳ್ಳಬೇಕು. ಹತ್ತು ದಿನಕ್ಕೊಮ್ಮೆ ಬೀಳುವ ಯಂತ್ರ ಬದಲಾವಣೆಯ ನಂತರ ಐದು ದಿನ ನಡೆಯಿತೆಂದರೆ ಏನೂ ಸಿದ್ಧವಾಗಲಿಲ್ಲ. ಕನಿಷ್ಠ ಒಂದು ತಿಂಗಳು ಕಾದು ನೋಡಿ ಹಣ ಪಾವತಿ ಮಾಡುವ ಷರತ್ತು ನ್ಯಾಯವಾದುದು. ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿ, ಭಾಗ ಬದಲಿಸುವ ಮುನ್ನ ಕುಸಿತದ ಸಂದೇಶ ಮತ್ತು ಬಿಎಂಸಿ ಪಟ್ಟಿಯ ಪ್ರತಿಯನ್ನು ಲಿಖಿತವಾಗಿ ಕೊಡತಕ್ಕದ್ದು ಎಂಬ ಒಂದು ಸಾಲು ಸೇರಿಸಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಯಂತ್ರ ಸ್ತಬ್ಧವಾದೊಡನೆ ಪವರ್ ಬಟನ್ ಒತ್ತಿ ಹಿಡಿಯುವುದು ಕೊನೆಯ ಉಪಾಯವಾಗಬೇಕು. ಕೀಲಿಮಣೆಯಲ್ಲಿ ಆಲ್ಟ್ ಮತ್ತು ಸಿಸ್‌ರಿಕ್ವೆಸ್ಟ್ ಕೀಲಿಗಳನ್ನು ಒತ್ತಿ ಹಿಡಿದು ಎಸ್, ಯು, ಬಿ ಅಕ್ಷರಗಳನ್ನು ಕೆಲವು ಸೆಕೆಂಡ್‌ಗಳ ಅಂತರದಲ್ಲಿ ಒತ್ತಿದರೆ, ಕರ್ನಲ್‌ಗೆ ಇನ್ನೂ ಸ್ವಲ್ಪ ಜೀವವಿದ್ದಲ್ಲಿ ಅದು ಡಿಸ್ಕಿಗೆ ಬರೆಯಬೇಕಾದುದನ್ನು ಬರೆದು, ಕಡತ ವ್ಯವಸ್ಥೆಯನ್ನು ಮುಚ್ಚಿ, ಮತ್ತೆ ಪ್ರಾರಂಭವಾಗುತ್ತದೆ. ಕೆಲವು ವಿತರಣೆಗಳಲ್ಲಿ ಈ ಸೌಲಭ್ಯವನ್ನು ಮೊದಲೇ ತೆರೆದಿಡಬೇಕಾಗುತ್ತದೆ. ಪ್ರತಿ ಕುಸಿತದ ನಂತರ ಡೇಟಾಬೇಸ್ ಪರಿಶೀಲನೆ ನಡೆಸಿ, ಕೊನೆಯ ಹತ್ತಿಪ್ಪತ್ತು ಬಿಲ್ಲುಗಳನ್ನು ಮುದ್ರಿತ ಪ್ರತಿಯೊಡನೆ ತಾಳೆ ನೋಡಬೇಕು.

ಕಂಪನಿ ಕಾಯ್ದೆಯಡಿ ನೋಂದಣಿಯಾದ ಸಂಸ್ಥೆಗಳು ವಿದ್ಯುನ್ಮಾನ ರೂಪದ ಲೆಕ್ಕಪುಸ್ತಕಗಳ ನಕಲನ್ನು ಭಾರತದೊಳಗೆ ಇರುವ ಸರ್ವರ್‌ನಲ್ಲಿ ಪ್ರತಿದಿನವೂ ಇಡಬೇಕೆಂದು 2022ರ ನಿಯಮ ತಿದ್ದುಪಡಿ ವಿಧಿಸಿದೆ. ಪಾಲುದಾರಿಕೆ ಮತ್ತು ಏಕಮಾಲೀಕತ್ವದ ವ್ಯವಹಾರಗಳಿಗೆ ಆ ನಿಯಮ ಅನ್ವಯಿಸದಿದ್ದರೂ, ಜೋಡಿ ಪ್ರೊಸೆಸರ್ ಯಂತ್ರದ ಪರೀಕ್ಷೆಗಳಿಗೆ ಕೈಹಾಕುವ ಹಿಂದಿನ ದಿನ ನಕಲು ತೆಗೆದು, ಅದನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಹಿಂದಿನ ತಿಂಗಳ ತಾಳೆಪಟ್ಟಿ ಸರಿಯಾಗಿ ಬರುತ್ತದೆಯೇ ಎಂದು ನೋಡಿಕೊಂಡ ನಂತರವೇ ಪೆಟ್ಟಿಗೆಯ ತಿರುಪು ಬಿಚ್ಚಲು ಅನುಮತಿ ಕೊಡಬೇಕು.